ಕಾಡಿನ ಕ್ಯಾಂಪಿಗೆ ಕುದುರೆ ಮೇವು: ಪೆಲೆಟ್, ಕ್ಯೂಬ್, ಒತ್ತಿದ ಬೇಲ್‌ಗಳಲ್ಲಿ ಯಾವುದು ವಾಸಿ?

ಅಮೆರಿಕದ ಪಶ್ಚಿಮ ರಾಜ್ಯಗಳ ನ್ಯಾಷನಲ್ ಫಾರೆಸ್ಟುಗಳಿಗೆ, ಅಲ್ಲಿನ ಕೇಂದ್ರ ಸರ್ಕಾರದ ಭೂನಿರ್ವಹಣಾ ಇಲಾಖೆಯಾದ ಬಿಎಲ್‌ಎಂ ಜಮೀನುಗಳಿಗೆ ಕುದುರೆ ಹೊಡೆದುಕೊಂಡು ಹೋಗಿ ಕ್ಯಾಂಪ್ ಮಾಡುವವರು ಮನೆಯ ಲಾಯದಲ್ಲಿರುವ ಹುಲ್ಲನ್ನು ಟ್ರೇಲರಿಗೆ ತುಂಬಿಕೊಂಡು ಹೊರಡುವ ಹಾಗಿಲ್ಲ. ಹೆಚ್ಚಿನ ಕಡೆ ಕಳೆಬೀಜ ಇಲ್ಲವೆಂದು ಪ್ರಮಾಣೀಕರಿಸಿದ ಮೇವನ್ನೇ ಒಯ್ಯಬೇಕು. ಈ ಮೇವು ಅಂಗಡಿಯಲ್ಲಿ ಮೂರು ರೂಪದಲ್ಲಿ ಸಿಗುತ್ತದೆ: ಪೆಲೆಟ್, ಕ್ಯೂಬ್ ಮತ್ತು ಯಂತ್ರದಲ್ಲಿ ಒತ್ತಿ ಕಟ್ಟಿದ ಬೇಲ್. ಮೂರನ್ನೂ ಇಲ್ಲಿ ಅಳೆದು ತೂಗಿದ್ದೇವೆ. ನಮ್ಮ ಮಟ್ಟಿಗೆ ಚೀಲದ ಮೇಲಿನ ಬ್ರ್ಯಾಂಡಿಗಿಂತ ಮೇವಿನ ರೂಪವೇ ದೊಡ್ಡದು. ಯಾಕೆಂದರೆ ಕಾಡಿನಲ್ಲಿ ಮೇವಿನ ಮೇಲೆ ಎರಡು ನಿಯಮಗಳ ಕಣ್ಣಿದೆ, ಒಂದು ಕಳೆಯದು, ಇನ್ನೊಂದು ಕರಡಿಯದು. ಕಳೆಯ ನಿಯಮಕ್ಕೆ ಸಲೀಸಾದ ಮೇವೇ ಕರಡಿಯ ನಿಯಮಕ್ಕೆ ಬಂದಾಗ ತಲೆನೋವು ತರುತ್ತದೆ.

ಒಂದು ಹಿಡಿ ಹುಲ್ಲಿಗೆ ಯಾಕಿಷ್ಟು ಬಿಗಿ ಎಂದು ಕೇಳುವ ಕನ್ನಡಿಗರಿಗೆ ಕಾಂಗ್ರೆಸ್ ಗಿಡವನ್ನು ನೆನಪಿಸಿದರೆ ಸಾಕು. 1950ರ ದಶಕದಲ್ಲಿ ಆಮದು ಗೋಧಿಯ ಜೊತೆ ಬಂತೆಂದು ಹೇಳಲಾಗುವ ಆ ಪಾರ್ಥೇನಿಯಂ ಇವತ್ತು ನಮ್ಮ ಬೀಳು ಜಮೀನು, ರೈಲು ಹಳಿ, ಖಾಲಿ ಸೈಟು ಯಾವುದನ್ನೂ ಬಿಟ್ಟಿಲ್ಲ. ಮೊಂಟಾನಾ, ಐಡಾಹೋ, ಆರೆಗನ್ ಬೆಟ್ಟಗಳಲ್ಲಿ ಅದೇ ಹಾವಳಿಯನ್ನು ಸ್ಪಾಟೆಡ್ ನ್ಯಾಪ್‌ವೀಡ್, ಲೀಫಿ ಸ್ಪರ್ಜ್, ಯೆಲ್ಲೋ ಸ್ಟಾರ್‌ಥಿಸಲ್, ಹೌಂಡ್ಸ್‌ಟಂಗ್‌ನಂಥ ಗಿಡಗಳು ಮಾಡುತ್ತಿವೆ. ಹುಲ್ಲುಗಾವಲು ಹಾಳಾಗುವುದರ ಜೊತೆಗೆ ಇವುಗಳಲ್ಲಿ ಕೆಲವು ಕುದುರೆಗೇ ವಿಷ. ಯೆಲ್ಲೋ ಸ್ಟಾರ್‌ಥಿಸಲ್ ವಾರಗಟ್ಟಲೆ ತಿಂದ ಕುದುರೆಯ ಮೆದುಳಿನ ಒಂದು ಭಾಗ ಸತ್ತು, ಅದು ಅಗಿಯಲಾರದೆ, ನುಂಗಲಾರದೆ ಹಸಿವಿನಿಂದ ಸಾಯುತ್ತದೆ. ಹಸಿಯಾಗಿದ್ದಾಗ ಕುದುರೆ ಮೂಸಿ ಬಿಡುವ ಹೌಂಡ್ಸ್‌ಟಂಗ್ ಒಣಗಿ ಹುಲ್ಲಿನಲ್ಲಿ ಬೆರೆತಾಗ ಗೊತ್ತಾಗದೆ ಹೊಟ್ಟೆ ಸೇರಿ ಯಕೃತ್ತನ್ನು ಕೆಡಿಸುತ್ತದೆ. ಹಾಗಾಗಿ ಇದು ಕಚೇರಿಯವರ ಕಿರಿಕಿರಿ ಎಂದು ಮೂಗು ಮುರಿಯುವಂಥ ನಿಯಮವಲ್ಲ.

ನಿಯಮದಲ್ಲಿ ಏನಿದೆ

ಫಾರೆಸ್ಟ್ ಸರ್ವಿಸ್ ಈ ಆದೇಶಗಳನ್ನು ಕೇಂದ್ರ ನಿಯಮಾವಳಿಯ 36ನೇ ಶೀರ್ಷಿಕೆಯ 261ನೇ ಭಾಗದ ಅಡಿ ಹೊರಡಿಸುತ್ತದೆ. ಮೀರಿದರೆ ವ್ಯಕ್ತಿಗೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೊಂಟಾನಾದಲ್ಲಿ ಇಂಥ ಆದೇಶ 1997ರಿಂದ ಇದೆ. ಆರೆಗನ್, ವಾಷಿಂಗ್ಟನ್‌ಗಳಲ್ಲಿ ಮೊದಲು ವೈಲ್ಡರ್‌ನೆಸ್ ಎಂದು ಕಾಯ್ದಿಟ್ಟ, ವಾಹನ ಬಿಡದ ಕಾಡುಗಳಿಗೆ ಅನ್ವಯಿಸಿ, 2009ರಲ್ಲಿ ಎಲ್ಲ ನ್ಯಾಷನಲ್ ಫಾರೆಸ್ಟುಗಳಿಗೂ ವಿಸ್ತರಿಸಿದರು. ಇಲ್ಲಿ ಎಡವುವವರು ಬಹಳ: ತಪ್ಪಾಗುವುದು ತಿನ್ನಿಸಿದಾಗ ಮಾತ್ರವಲ್ಲ, ಪ್ರಮಾಣಪತ್ರವಿಲ್ಲದ ಹುಲ್ಲು ಹತ್ತಿರ ಇಟ್ಟುಕೊಂಡರೂ, ಸಾಗಿಸಿದರೂ ತಪ್ಪೇ. ಟ್ರೇಲ್‌ಹೆಡ್ಡಿನ, ಅಂದರೆ ಕಾಡುಹಾದಿ ಶುರುವಾಗುವ ಜಾಗದ, ಪಾರ್ಕಿಂಗಿನಲ್ಲಿ ನಿಂತ ಟ್ರೇಲರಿನೊಳಗೆ, ಕುದುರೆಯ ಮುಂದೆ ನೇತುಹಾಕಿದ ಬಲೆಯಲ್ಲಿ ಉಳಿದ ಮನೆಯ ಹುಲ್ಲೂ ಲೆಕ್ಕಕ್ಕೆ ಬರುತ್ತದೆ. ಕಾಲಡಿಗೆ ಹಾಸುವ ಗೋಧಿ ಹುಲ್ಲಿಗೂ ಇದೇ ಮಾತು. ಅದರ ಬದಲು ಪೈನ್ ಮರದ ಹೊಟ್ಟು ಹಾಸಿದರೆ ತಕರಾರಿಲ್ಲ.

ಆದೇಶದ ಒಕ್ಕಣೆ ಫಾರೆಸ್ಟಿನಿಂದ ಫಾರೆಸ್ಟಿಗೆ ಬದಲಾಗುತ್ತದೆ. ಪೆಲೆಟ್ಟನ್ನು ಕೆಲವೆಡೆ ಪ್ರಮಾಣಪತ್ರ ಕೇಳದೆ ಒಪ್ಪುತ್ತಾರೆ, ಕೆಲವೆಡೆ ಚೀಲದ ಮೇಲೆ ಮುದ್ರೆ ಬೇಕೇ ಬೇಕು. ಕ್ಯೂಬ್ ಅನ್ನು ಹಲವು ಆದೇಶಗಳು ಹುಲ್ಲಿನ ಸಾಲಿಗೇ ಸೇರಿಸುತ್ತವೆ. ಇಡೀ ಓಟ್ಸ್ ಕಾಳು ಮೊಳೆಯುವ ಬೀಜವಾದ್ದರಿಂದ ಅದಕ್ಕೆ ತಡೆ ಇರಬಹುದು. ಹಬೆಯಲ್ಲಿ ಬೇಯಿಸಿ ಚಪ್ಪಟೆ ಮಾಡಿದ ಓಟ್ಸ್‌ಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಯೆಲ್ಲೋಸ್ಟೋನ್ ಪಾರ್ಕಿನ ಒಳಕಾಡಿಗಂತೂ ಹುಲ್ಲನ್ನೇ ಒಯ್ಯುವಂತಿಲ್ಲ, ಸಂಸ್ಕರಿಸಿದ ಮೇವು ಮಾತ್ರ. ಹೊರಡುವ ಮುನ್ನ ಆಯಾ ರೇಂಜರ್ ಡಿಸ್ಟ್ರಿಕ್ಟ್ ಕಚೇರಿಗೆ ಫೋನ್ ಮಾಡಿ, ಪೆಲೆಟ್ಟಿಗೆ ಮುದ್ರೆ ಬೇಕೇ, ಕ್ಯೂಬ್ ಯಾವ ಸಾಲಿಗೆ, ಕಾಳು ಯಾವ ರೂಪದಲ್ಲಿರಬೇಕು, ಮೇಯಲು ಬಿಡಬಹುದೇ ಎಂದು ಕೇಳಿ. ನಾಲ್ಕು ಪ್ರಶ್ನೆ, ಐದು ನಿಮಿಷದ ಕೆಲಸ.

ಮುದ್ರೆಯನ್ನು ಎಷ್ಟು ನಂಬಬಹುದು

ಪ್ರಮಾಣೀಕರಣ ನಡೆಯುವುದು ಹೊಲದಲ್ಲಿ. ಕಟಾವಿಗೆ ಮುಂಚಿನ ಹತ್ತು ದಿನಗಳೊಳಗೆ ಇನ್ಸ್‌ಪೆಕ್ಟರ್ ಬಂದು ಹೊಲವನ್ನಷ್ಟೇ ಅಲ್ಲದೆ ಬದು, ಬೇಲಿ ಸಾಲು, ಕಾಲುವೆ, ಹೊಲದ ದಾರಿ, ಮೇವು ಕೂಡಿಡುವ ಜಾಗ ಎಲ್ಲವನ್ನೂ ನೋಡುತ್ತಾರೆ. ಉತ್ತರ ಅಮೆರಿಕದ ಆಕ್ರಮಣಕಾರಿ ಜೀವಿ ನಿರ್ವಹಣಾ ಸಂಘ, ಅಂದರೆ ಎನ್‌ಎಐಎಸ್‌ಎಂಎ, ಇದಕ್ಕೆ ಮಾನದಂಡ ಮತ್ತು ಕಳೆಗಳ ಪಟ್ಟಿ ಮಾಡಿದೆ. ಆ ಪಟ್ಟಿಯ ಜೊತೆಗೆ ಆಯಾ ರಾಜ್ಯದ ಪಟ್ಟಿಯನ್ನೂ ನೋಡುತ್ತಾರೆ. ಪಾಸಾದ ಬೇಲ್‌ಗೆ ಎರಡು ಬಣ್ಣ ಹೊಸೆದ ಹುರಿ ಕಟ್ಟುತ್ತಾರೆ, ಇಲ್ಲವೇ ನಂಬರಿರುವ ಟ್ಯಾಗ್ ಹಾಕುತ್ತಾರೆ. ಹುರಿ ನೀಲಿ-ಕಿತ್ತಳೆಯದೂ ಇದೆ, ನೇರಳೆ-ಹಳದಿಯದೂ ಇದೆ, ಆದ್ದರಿಂದ ಬಣ್ಣ ಬೇರೆ ಕಂಡ ಮಾತ್ರಕ್ಕೆ ನಕಲಿ ಎಂದುಕೊಳ್ಳಬೇಡಿ.

ಮುದ್ರೆ ಹೇಳುವುದು ಇಷ್ಟೇ: ಪಟ್ಟಿಯಲ್ಲಿರುವ ಕಳೆಗಳ ಮೊಳೆಯಬಲ್ಲ ಬೀಜ ಈ ಮೇವಿನಲ್ಲಿಲ್ಲ. ಪಟ್ಟಿಯಲ್ಲಿಲ್ಲದ ಮಾಮೂಲಿ ಕಳೆ ಇರಬಹುದು. ಹುಲ್ಲು ಬಲಿತು ಕಡ್ಡಿಯಾಗಿರಬಹುದು, ಬೂಷ್ಟು ಹಿಡಿದಿರಬಹುದು, ಧೂಳು ತುಂಬಿರಬಹುದು. ಕುದುರೆ ಮಸಾಲೆ ಸೊಪ್ಪಿನಲ್ಲಿ, ಅಂದರೆ ಆಲ್ಫಾಲ್ಫಾದಲ್ಲಿ, ಸೇರಿಕೊಳ್ಳುವ ಬ್ಲಿಸ್ಟರ್ ಬೀಟಲ್ ಎಂಬ ಕೀಟ ಸತ್ತು ಒಣಗಿದ ಮೇಲೂ ಕುದುರೆಯನ್ನು ಕೊಲ್ಲಬಲ್ಲದು. ಅದನ್ನು ಈ ತಪಾಸಣೆ ನೋಡುವುದೇ ಇಲ್ಲ. ದುಬಾರಿ ಬೆಲೆ ಕೊಟ್ಟು ಮುದ್ರೆಯ ಬೇಲ್ ತಂದವರು ಅದನ್ನು ಬಿಚ್ಚಿ ಮೂಸಿ ನೋಡುವ ಕೆಲಸವನ್ನು ಬಿಡಬಾರದು. ಬೇಲಿನ ನಡುವಿನಿಂದ ಒಂದು ಹಿಡಿ ಕಿತ್ತು ಕೈಯಲ್ಲಿ ಹಿಸುಕಿ. ಒಳ್ಳೆಯ ಟಿಮೊತಿ ಹುಲ್ಲು ಮೆತ್ತಗೆ ಬಾಗುತ್ತದೆ, ಹಸಿರು ಉಳಿದಿರುತ್ತದೆ, ಹೊಸ ಹುಲ್ಲಿನ ವಾಸನೆ ಬರುತ್ತದೆ. ಚುಚ್ಚಿದರೆ, ಬಿಳಿ ಪುಡಿ ಹಾರಿದರೆ, ಮುಗ್ಗಲು ವಾಸನೆ ಬಂದರೆ ವಾಪಸ್ ಕೊಡಿ.

ಪೆಲೆಟ್

ಹುಲ್ಲನ್ನು ಸಣ್ಣಗೆ ಪುಡಿ ಮಾಡಿ, ಹಬೆ ಹಾಯಿಸಿ, ಅಚ್ಚಿನ ತೂತಿನಲ್ಲಿ ಒತ್ತಿ ತೆಗೆದ ಗುಳಿಗೆ ಇದು. ಸುಮಾರು 6 ಮಿಲಿಮೀಟರ್ ದಪ್ಪ. ಪುಡಿ ಮಾಡುವಾಗ, ಬಿಸಿಯಲ್ಲಿ ಒತ್ತುವಾಗ ಬೀಜಗಳು ಬಹುಪಾಲು ಸಾಯುತ್ತವೆ. ಆದ್ದರಿಂದಲೇ ಪೆಲೆಟ್ಟಿನ ಬಗ್ಗೆ ಆದೇಶಗಳು ಮೆತ್ತಗಿರುವುದು. ಐಡಾಹೋದ ಸ್ಟ್ಯಾಂಡ್ಲಿ ಕಂಪನಿಯ 40 ಪೌಂಡಿನ, ಅಂದರೆ 18 ಕೆಜಿಯ ಚೀಲ ಪಶ್ಚಿಮದಲ್ಲಿ ಸುಲಭವಾಗಿ ಸಿಗುತ್ತದೆ, ಟ್ರ್ಯಾಕ್ಟರ್ ಸಪ್ಲೈ ಅಂಗಡಿಗಳಲ್ಲೂ ಇಡುತ್ತಾರೆ. ಯಾವ ಕಂಪನಿಯದಾದರೂ ಕಳೆರಹಿತ ಎಂಬ ಮುದ್ರೆ ಆ ಚೀಲದ ಮೇಲೇ ಇದೆಯೇ ನೋಡಿ. ಒಂದೇ ಕಂಪನಿಯ ಎಲ್ಲ ಸರಕಿಗೂ ಅದು ಇರಲೇಬೇಕೆಂದಿಲ್ಲ.

ಪೆಲೆಟ್ಟಿನ ಬಲ ಅದರ ಸಾಂದ್ರತೆಯಲ್ಲಿದೆ. 18 ಕೆಜಿ ಚೀಲ ಸುಮಾರು ಒಂದು ಘನ ಅಡಿಯಲ್ಲಿ ಕೂರುತ್ತದೆ, ಅಷ್ಟೇ ತೂಕದ ಮಾಮೂಲಿ ಬೇಲ್‌ಗೆ ಐದು ಪಟ್ಟು ಜಾಗ ಬೇಕು. ಹೇಸರಗತ್ತೆಯ ಎರಡೂ ಬದಿಗೆ ಸಮತೂಕದಲ್ಲಿ ಹೊರೆ ಕಟ್ಟುವುದು ಸುಲಭ. ಹಾದಿಯಲ್ಲಿ ಉದುರುವುದಿಲ್ಲ, ಗಾಳಿಗೆ ಹಾರುವುದಿಲ್ಲ.

ತೊಂದರೆ ಶುರುವಾಗುವುದು ಕುದುರೆ ಅದಕ್ಕೆ ಬಾಯಿ ಹಾಕಿದ ಮೇಲೆ. ಹುಲ್ಲನ್ನು ಗಂಟೆಗಟ್ಟಲೆ ಅಗಿಯುವ ಪ್ರಾಣಿ ಅಷ್ಟೇ ತೂಕದ ಪೆಲೆಟ್ಟನ್ನು ನಿಮಿಷಗಳಲ್ಲಿ ಮುಗಿಸುತ್ತದೆ. ಅಗಿತ ಕಡಿಮೆಯಾದರೆ ಜೊಲ್ಲು ಕಡಿಮೆ. ಜೊಲ್ಲು ಕಡಿಮೆಯಾದರೆ ಹೊಟ್ಟೆಯ ಆಮ್ಲವನ್ನು ತಣಿಸುವವರಿಲ್ಲ, ಹುಣ್ಣಿಗೆ ದಾರಿಯಾಗುತ್ತದೆ. ಇನ್ನೊಂದು ಪರಿಣಾಮವನ್ನು ಬಹಳ ಮಂದಿ ಗಮನಿಸುವುದಿಲ್ಲ: ಉದ್ದ ನಾರು ಸಿಗದ ಕುದುರೆ ಹೈಲೈನ್ (ಕುದುರೆ ಕಟ್ಟಲು ಎರಡು ಮರಗಳ ನಡುವೆ ಎತ್ತರದಲ್ಲಿ ಬಿಗಿದ ಹಗ್ಗ) ಕಟ್ಟಿದ ಮರದ ತೊಗಟೆಯನ್ನು ರಾತ್ರಿಯಿಡೀ ಕಚ್ಚಲು ಶುರುಮಾಡುತ್ತದೆ. ತೊಗಟೆ ಸುತ್ತಲೂ ಹೋದರೆ ಮರ ಸಾಯುತ್ತದೆ. ಕಳೆಯಿಂದ ಕಾಡನ್ನು ಉಳಿಸಲು ಹೋಗಿ ಮರವನ್ನೇ ಕೊಂದಂತಾಗುತ್ತದೆ. ಅದಕ್ಕೇ ಪೂರ್ತಿ ಪೆಲೆಟ್ ಮೇಲೆ ಕುದುರೆಯನ್ನು ನಿಲ್ಲಿಸುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಅರ್ಧದಷ್ಟಾದರೂ ಮೇಯುವ ಹುಲ್ಲಾಗಿರಲಿ, ಬೇಲ್ ಆಗಿರಲಿ, ಅದೂ ಆಗದಿದ್ದರೆ ಕಡ್ಡಿ ಉಳಿದಿರುವ ಕ್ಯೂಬ್ ಆಗಿರಲಿ.

ಆತುರದ ಕುದುರೆಗೆ ಒಣ ಪೆಲೆಟ್ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಕತ್ತು ಚಾಚಿ ನಿಲ್ಲುವುದು, ಮತ್ತೆ ಮತ್ತೆ ನುಂಗಲು ಯತ್ನಿಸುವುದು, ಮೂಗಿನ ಹೊಳ್ಳೆಯಿಂದ ಹಸಿರು ಬೆರೆತ ಜೊಲ್ಲು ಸುರಿಯುವುದು ಇದರ ಗುರುತು. ಆಗ ಮೇವು, ನೀರು ಎರಡನ್ನೂ ದೂರವಿಟ್ಟು, ತಲೆ ತಗ್ಗಿಸಿ ನಿಲ್ಲುವಂತೆ ಮಾಡಿ, ಗಾಬರಿಯಾಗದಂತೆ ನೋಡಿಕೊಂಡು ಪಶುವೈದ್ಯರಿಗೆ ಹೇಳಿಕಳಿಸಬೇಕು. ಬಾಯಿಗೆ ಪೈಪು ಹಾಕಿ ನೀರು ಬಿಡುವುದು, ಎಣ್ಣೆ ಹೊಯ್ಯುವುದು ಖಂಡಿತ ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವೈದ್ಯರು ಅರ್ಧ ದಿನದ ಹಾದಿ ದೂರವಿರುವ ಜಾಗದಲ್ಲಿ ಇದು ಬಾರದಂತೆ ನೋಡಿಕೊಳ್ಳುವುದೇ ಮೇಲು. ಒಂದು ಪಾಲು ಪೆಲೆಟ್ಟಿಗೆ ಎರಡು ಪಾಲು ನೀರು ಹಾಕಿ ನೆನೆಸಿ. ಬೆಚ್ಚಗಿನ ನೀರಾದರೆ 15-20 ನಿಮಿಷ ಸಾಕು, ಬೆಟ್ಟದ ಹಳ್ಳದ ಕೊರೆಯುವ ನೀರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಬೆರಳಲ್ಲಿ ಒತ್ತಿದಾಗ ನಡುವೆ ಗಟ್ಟಿ ಕಾಳು ಸಿಗಬಾರದು. ನೆನೆಸಿದ್ದು ಮಧ್ಯಾಹ್ನದ ಬಿಸಿಲಿಗೆ ಹುಳಿಯಾಗುತ್ತದೆ, ರಾತ್ರಿಯ ಚಳಿಗೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಒಂದು ಹೊತ್ತಿಗೆ ಬೇಕಾದಷ್ಟನ್ನೇ ನೆನೆಸಿ. ಒಂದು ಸಲಕ್ಕೆ ಎರಡೂವರೆ ಕೆಜಿ ಮೀರದಂತೆ ದಿನಕ್ಕೆ ಮೂರು ನಾಲ್ಕು ಸಲ ಕೊಡುವುದು ಒಳ್ಳೆಯದು. ಬಕೆಟ್ಟಿಗೆ ಮುಷ್ಟಿಗಿಂತ ದೊಡ್ಡದಾದ ನುಣುಪು ಕಲ್ಲು ಎರಡು ಮೂರು ಹಾಕಿದರೆ ಗಬಗಬನೆ ತಿನ್ನುವ ಕುದುರೆಯೂ ಮೂತಿಯಿಂದ ಸರಿಸಿ ಸರಿಸಿ ತಿನ್ನುತ್ತದೆ.

ಟಿಮೊತಿಯೋ ಆಲ್ಫಾಲ್ಫಾವೋ ಎಂದರೆ, ಕ್ಯಾಂಪಿಗೆ ಟಿಮೊತಿ ಅಥವಾ ಎರಡರ ಮಿಶ್ರಣ. ಆಲ್ಫಾಲ್ಫಾದಲ್ಲಿ ಪ್ರೊಟೀನ್ ಹೆಚ್ಚು. ಹೆಚ್ಚಾದ ಪ್ರೊಟೀನನ್ನು ಹೊರಹಾಕಲು ಕುದುರೆ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಉಚ್ಚೆ ಹೊಯ್ಯುತ್ತದೆ. ನೀರು ದೂರದಿಂದ ಹೊತ್ತು ತರಬೇಕಾದ ಕ್ಯಾಂಪಿನಲ್ಲಿ ಇದು ದೊಡ್ಡ ಲೆಕ್ಕ. ಇನ್ನೊಂದು ಎಚ್ಚರ: ದನದ ಮೇವಿಗೆ ಹಾಕುವ ಮೊನೆನ್ಸಿನ್ ಎಂಬ ಔಷಧ ಕುದುರೆಗೆ ಮಾರಕ. ಅದನ್ನು ಬಳಸದ ಗಿರಣಿಯ ಸರಕನ್ನೇ ಕೇಳಿ ಕೊಳ್ಳಿ.

ಕ್ಯೂಬ್

ಕ್ಯೂಬಿನಲ್ಲಿ ಹುಲ್ಲನ್ನು ಪುಡಿ ಮಾಡದೆ ತುಂಡರಿಸಿ ಒತ್ತಿರುತ್ತಾರೆ, ಬೆರಳಿನಿಂದ ಬಿಡಿಸಿದರೆ ಕಡ್ಡಿ ಕಣ್ಣಿಗೆ ಕಾಣುತ್ತದೆ. ಅಗಿಯುವ ಕೆಲಸ ಪೆಲೆಟ್ಟಿಗಿಂತ ಹೆಚ್ಚು, ನಾರು ಉದ್ದ. ಅದೇ ಕಾರಣಕ್ಕೆ ಬೀಜ ಉಳಿಯುವ ಸಾಧ್ಯತೆಯೂ ಹೆಚ್ಚು, ಆದ್ದರಿಂದ ಇಲ್ಲಿ ಮುದ್ರೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಒಣಗಿದ್ದಾಗ ಕಲ್ಲಿನಂತಿರುವ ಇದನ್ನು ಬೆಚ್ಚಗಿನ ನೀರಿನಲ್ಲೇ ಅರ್ಧದಿಂದ ಒಂದು ಗಂಟೆ ನೆನೆಸಿ ಪುಡಿಪುಡಿಯಾಗಿ ಬಿಡಿಸಿ ಕೊಡಬೇಕು. ಹಲ್ಲು ಸವೆದ ಮುದಿ ಕುದುರೆಗೆ ಒಣ ಕ್ಯೂಬ್ ಹಾಕಲೇಬಾರದು.

ಕರಡಿ ನಿಯಮ

ಗ್ರಿಜ್ಲಿ ಕರಡಿ ಇರುವ ಯೆಲ್ಲೋಸ್ಟೋನ್ ಸುತ್ತಿನ, ಉತ್ತರ ಮೊಂಟಾನಾದ ಫಾರೆಸ್ಟುಗಳಲ್ಲಿ ಆಹಾರ ಸಂಗ್ರಹದ ಆದೇಶವೂ ಇರುತ್ತದೆ. ಅದರಲ್ಲಿ ಆಹಾರ ಎಂದರೆ ಮನುಷ್ಯರದಷ್ಟೇ ಅಲ್ಲ, ಜಾನುವಾರು ಮೇವೂ ಸೇರಿದೆ. ಇಂಥ ಆದೇಶಗಳಲ್ಲಿ ಸಾಮಾನ್ಯವಾಗಿ ವಿನಾಯಿತಿ ಇರುವುದು ಬೇರೇನೂ ಬೆರೆಸದ ಬೇಲ್ ಹುಲ್ಲಿಗೆ, ಕ್ಯೂಬಿಗೆ. ಪೆಲೆಟ್, ಕಾಳು, ಬೆಲ್ಲದ ಪಾಕದಂಥ ಮೊಲಾಸಿಸ್ ಹಚ್ಚಿದ ಕ್ಯೂಬ್ ಎಲ್ಲವೂ ಆಹಾರವೇ. ಬಳಸದಿರುವಾಗ ಅವನ್ನು ನೆಲದಿಂದ 10 ಅಡಿ ಎತ್ತರದಲ್ಲಿ, ಮರದ ಕಾಂಡದಿಂದ 4 ಅಡಿ ದೂರದಲ್ಲಿ ತೂಗುಹಾಕಬೇಕು, ಇಲ್ಲವೇ ಪರೀಕ್ಷಿಸಿ ಒಪ್ಪಿದ ಕರಡಿ-ನಿರೋಧಕ ಪೆಟ್ಟಿಗೆಯಲ್ಲಿ ಅಥವಾ ಗಟ್ಟಿ ಕವಚದ ವಾಹನದಲ್ಲಿ ಇಡಬೇಕು. ಅಂತರದ ಅಳತೆಯಲ್ಲಿ ಆದೇಶಕ್ಕೆ ತಕ್ಕಂತೆ ಸ್ವಲ್ಪ ವ್ಯತ್ಯಾಸವಿರುತ್ತದೆ.

70 ಕೆಜಿ ಪೆಲೆಟ್ಟನ್ನು ಕತ್ತಲಾಗುವ ಮುನ್ನ ಹಗ್ಗ-ರಾಟೆ ಕಟ್ಟಿ ಮೇಲೇರಿಸುವುದು ಇಬ್ಬರಿಗೂ ಬೆವರಿಳಿಸುವ ಕೆಲಸ. ಮರಗಳು ಕುಳ್ಳಗಿರುವ ಎತ್ತರದ ಬೆಟ್ಟದಲ್ಲಿ 10 ಅಡಿ ಸಿಗುವುದೇ ಕಷ್ಟ. ಅಂಥ ಕಡೆಗೆ ಅಲ್ಯೂಮಿನಿಯಂ ಕರಡಿ-ನಿರೋಧಕ ಪ್ಯಾನಿಯರ್, ಅಂದರೆ ಹೊರೆಪ್ರಾಣಿಯ ಎರಡೂ ಬದಿಗೆ ತೂಗುವ, ಪೆಟ್ಟಿಗೆಗಳನ್ನೇ ಹೊರೆಗೆ ಬಳಸುವುದು ವಾಸಿ. ಪೆಟ್ಟಿಗೆ ದುಬಾರಿ, ಖಾಲಿಯಿದ್ದಾಗಲೂ ಭಾರ. ಕ್ಯೂಬಿಗೆ ನಾವು ಗ್ರಿಜ್ಲಿ ಪ್ರದೇಶದಲ್ಲಿ ಪೆಲೆಟ್ಟಿಗಿಂತ ಹೆಚ್ಚು ಅಂಕ ಕೊಡುವುದು ಇದೇ ಕಾರಣಕ್ಕೆ.

ಒತ್ತಿದ ಬೇಲ್

50 ಪೌಂಡಿನ ಒತ್ತಿದ ಬೇಲ್ ಮಾಮೂಲಿ ಬೇಲಿನ ಅರ್ಧದಷ್ಟು ಜಾಗ ಹಿಡಿಯುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬರುತ್ತದೆ. ಟ್ರೇಲ್‌ಹೆಡ್ಡಿನಲ್ಲೇ ಟ್ರೇಲರ್ ಪಕ್ಕ ಕ್ಯಾಂಪ್ ಮಾಡುವವರಿಗೆ ಇದನ್ನು ಮೀರಿಸುವುದು ಇನ್ನೊಂದಿಲ್ಲ: ಉದ್ದ ನಾರು, ನಿಧಾನ ಅಗಿತ, ನೆನೆಸುವ ಗೋಜಿಲ್ಲ, ತೂಗುಹಾಕುವ ಗೋಜಿಲ್ಲ. ಪದರು ಎಣಿಸಿ ಕೊಟ್ಟರೆ ಲೆಕ್ಕ ತಪ್ಪುತ್ತದೆ, ಒತ್ತಿದ ಪದರು ತೆಳ್ಳಗಿದ್ದರೂ ಭಾರ. ಸ್ಪ್ರಿಂಗ್ ತಕ್ಕಡಿ ಒಯ್ಯಿರಿ. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ, ಖಾಲಿಯಾಗಿ ಜೋತಾಗಲೂ ಗೊರಸು ಸಿಕ್ಕದಷ್ಟು ಎತ್ತರಕ್ಕೆ ಕಟ್ಟಿ.

ಎಷ್ಟು ಒಯ್ಯಬೇಕು

450 ಕೆಜಿ ತೂಕದ ಕುದುರೆಗೆ ದಿನಕ್ಕೆ ದೇಹತೂಕದ ಶೇ. 1.5ರಿಂದ 2, ಅಂದರೆ 7ರಿಂದ 9 ಕೆಜಿ ಮೇವು ಬೇಕು. ಪೆಲೆಟ್ಟಾದರೂ ತೂಕಕ್ಕೆ ತೂಕ ಅದೇ ಲೆಕ್ಕ, ಚೀಲ ಚಿಕ್ಕದಾಗಿ ಕಂಡಿತೆಂದು ಕಡಿಮೆ ಮಾಡುವಂತಿಲ್ಲ. ಎರಡು ಸವಾರಿ ಕುದುರೆ, ಒಂದು ಹೇಸರಗತ್ತೆ, ಮೂರು ದಿನ ಎಂದಿಟ್ಟುಕೊಳ್ಳಿ: ತಲೆಗೆ 8 ಕೆಜಿಯಂತೆ 72 ಕೆಜಿ, ಅಂದರೆ ನಾಲ್ಕು ಚೀಲ. ಅದೇ ಒಂದು ಹೇಸರಗತ್ತೆಯ ಪೂರ್ತಿ ಹೊರೆ. ಡೇರೆ, ಪಾತ್ರೆ, ಬುತ್ತಿ ಇಡಲು ಜಾಗವಿಲ್ಲ. ಮೇಯಲು ಅನುಮತಿಯಿದ್ದು ಹುಲ್ಲೂ ಚೆನ್ನಾಗಿದ್ದರೆ ಎರಡು ಚೀಲಕ್ಕೆ ಇಳಿಸಬಹುದು. ಮೇಯುವುದಕ್ಕೆ ತಡೆಯಿದ್ದರೆ ಎರಡನೇ ಹೊರೆಪ್ರಾಣಿ ಬೇಕು, ಇಲ್ಲವೇ ಒಂದು ದಿನ ಕಡಿಮೆ ಮಾಡಬೇಕು. ಮೇವು ಕಡಿಮೆ ಒಯ್ದು ಕುದುರೆಯನ್ನು ಹಸಿವಿನಲ್ಲಿಡುವುದು ಮಾತ್ರ ದಾರಿಯಲ್ಲ.

ಹೊಸ ಮೇವನ್ನು ಕ್ಯಾಂಪಿನಲ್ಲಿ ಮೊದಲ ಸಲ ಕೊಟ್ಟರೆ ಹೊಟ್ಟೆಶೂಲೆ ಗ್ಯಾರಂಟಿ ಎಂದೇ ಭಾವಿಸಿ. 7ರಿಂದ 10 ದಿನ ಮೊದಲೇ ಮನೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಬನ್ನಿ. ಕೊನೆಯ ಮೂರು ನಾಲ್ಕು ದಿನ ಪೂರ್ತಿ ಕಳೆರಹಿತ ಮೇವೇ ಇರಲಿ, ಯಾಕೆಂದರೆ ಮನೆಯ ಹುಲ್ಲಿನ ಬೀಜಗಳು ಕರುಳಿನಲ್ಲಿ ಅಷ್ಟು ದಿನ ಉಳಿದು ಲದ್ದಿಯಲ್ಲಿ ಜೀವಂತವಾಗಿ ಬೀಳುತ್ತವೆ. ಹೊರಡುವ ದಿನ ಬಾಲ, ಜೂಲು, ಗೊರಸಿನ ಸಂದು ಕೆರೆದು ಬಾಚಿ, ಟ್ರೇಲರನ್ನು ಮನೆಯಲ್ಲೇ ಗುಡಿಸಿ ತೊಳೆಯಿರಿ. ಟ್ರೇಲ್‌ಹೆಡ್ಡಿನಲ್ಲಿ ಗುಡಿಸಿದರೆ ಇಷ್ಟೆಲ್ಲ ಮಾಡಿದ್ದು ನೀರುಪಾಲು.

ಕ್ಯಾಂಪಿನಲ್ಲಿ ಬರಿ ನೆಲಕ್ಕೆ ಮೇವು ಸುರಿಯಬೇಡಿ. ಟಾರ್ಪಾಲಿನ ತುಂಡು, ಮಡಚುವ ಬಕೆಟ್, ಮೂತಿಗೆ ಕಟ್ಟುವ ಚೀಲ ಯಾವುದಾದರೂ ಸರಿ. ಮೂತಿ ಚೀಲವನ್ನು ತಿಂದು ಮುಗಿಸಿದ ಕೂಡಲೇ ಬಿಚ್ಚಬೇಕು, ಅದರ ಸಮೇತ ನೀರಿಗೆ ಬಾಯಿ ಹಾಕಿದರೆ ಚೀಲ ತುಂಬಿ ಕುದುರೆ ಉಸಿರುಕಟ್ಟುತ್ತದೆ. ಹೈಲೈನ್ ನೀರಿನಿಂದ 200 ಅಡಿಯಾದರೂ ದೂರವಿರಲಿ, ಮರಕ್ಕೆ ಎರಡಂಗುಲದ ಅಗಲ ಪಟ್ಟಿ ಬಳಸಿ. ಉಳಿದ ಮೇವು, ಹುರಿ, ಪ್ಲಾಸ್ಟಿಕ್ ವಾಪಸ್ ಮನೆಗೆ.

ಜಾಗ ಉಳಿಸಲು ಪೆಲೆಟ್ಟನ್ನು ಪ್ಯಾನಿಯರಿಗೆ ಸುರಿದುಕೊಂಡು ಚೀಲ ಎಸೆಯುವವರಿದ್ದಾರೆ. ಮುದ್ರೆ ಹೋದ ಮೇಲೆ ಅದು ಯಾವ ಮೇವೆಂದು ರೇಂಜರಿಗೆ ಗೊತ್ತಾಗುವುದು ಹೇಗೆ? ಚೀಲದ ಮುದ್ರೆಯಿರುವ ಭಾಗವನ್ನು ಕತ್ತರಿಸಿ, ಅಂಗಡಿಯ ರಸೀದಿ ಸೇರಿಸಿ, ಜಿಪ್ ಕವರಿನಲ್ಲಿ ಜೀನಿನ ಚೀಲದಲ್ಲಿಡಿ. ಬೇಲಿನ ಹುರಿಯನ್ನೂ ಟ್ಯಾಗನ್ನೂ ಕೊನೆಯ ಎಳೆ ಹುಲ್ಲು ಮುಗಿಯುವವರೆಗೆ ಬಿಸಾಡಬೇಡಿ.

ನಮ್ಮ ಅಂಕ ಹೀಗೆ: ಟ್ರೇಲ್‌ಹೆಡ್ ಕ್ಯಾಂಪಿಗೆ ಒತ್ತಿದ ಬೇಲ್, ಐದಕ್ಕೆ ಐದು. ಗ್ರಿಜ್ಲಿ ಪ್ರದೇಶದ ಒಳಕಾಡಿಗೆ ಏನೂ ಬೆರೆಸದ ಕ್ಯೂಬ್, ನಾಲ್ಕು. ಗ್ರಿಜ್ಲಿ ಇಲ್ಲದ, ಮೇಯಲು ಅನುಮತಿಯಿರುವ ಒಳಕಾಡಿಗೆ ಟಿಮೊತಿ ಪೆಲೆಟ್, ನಾಲ್ಕು. ಮೇಯಲೂ ಆಗದ ಕಡೆ ಬರೀ ಪೆಲೆಟ್ ನೆಚ್ಚಿಕೊಂಡರೆ ಎರಡು. ಸೆಪ್ಟೆಂಬರಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲ ಶುರುವಾದರೆ ಬೆಟ್ಟದ ಊರುಗಳ ಸಣ್ಣ ಮೇವಿನ ಅಂಗಡಿಗಳಲ್ಲಿ ಮುದ್ರೆಯ ಸರಕು ಬೇಗ ಖಾಲಿಯಾಗುತ್ತದೆ. ಎರಡು ವಾರ ಮೊದಲೇ ಹೇಳಿ ತೆಗೆದಿರಿಸಿದರೆ ಮನೆಯಲ್ಲಿ ಬೆರೆಸಿ ರೂಢಿ ಮಾಡಿಸುವುದಕ್ಕೂ ಅದೇ ಚೀಲ ಸಿಗುತ್ತದೆ.